ಕಡಮೆ ಕಾವಿನ ಸೌರಕೋಶ

ಸೂರ್ಯನ ಬೆಳಕಿಗೆ ಬೆಲೆಯಿಲ್ಲವೆಂಬುದು ದಿಟ. ಆದರೆ ಆ ಬೆಳಕನ್ನು ವಿದ್ಯುತ್ತನ್ನಾಗಿ ಮಾರ್ಪಡಿಸುವ ಫಲಕಕ್ಕೆ ಬೆಲೆಯುಂಟು, ಮತ್ತು ಆ ಬೆಲೆಯಲ್ಲಿ ಒಂದು ದೊಡ್ಡ ಪಾಲು, ವಿಚಾರಿಸಿ ನೋಡಿದರೆ, ಬೆಂಕಿಯ ಬೆಲೆಯೇ ಆಗಿದೆ. ತಾರಸಿಯ ಮೇಲೆ ನೀಲಿಯಾಗಿ ಹೊಳೆಯುತ್ತ ಸದ್ದಿಲ್ಲದೆ ದುಡಿಯುವ ಸೌರಫಲಕವು ಎಷ್ಟು ಕುಲುಮೆಗಳನ್ನು ಹಾದು ಅಲ್ಲಿಗೆ ಬಂದಿದೆಯೆಂಬುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಬೆಣಚುಕಲ್ಲನ್ನು ಇದ್ದಿಲಿನೊಡನೆ ಸೇರಿಸಿ 2000 ಡಿಗ್ರಿ ಸೆಲ್ಸಿಯಸ್‌ಗೆ ಸಮೀಪವಾದ ಉಷ್ಣತೆಯ ವಿದ್ಯುತ್ ಕುಲುಮೆಯಲ್ಲಿ ಉರಿಸಿದರೆ ಕಚ್ಚಾ ಸಿಲಿಕಾನ್ ದೊರೆಯುತ್ತದೆ; ಅದನ್ನು ಅನಿಲರೂಪಕ್ಕೆ ತಂದು ಶುದ್ಧಿಮಾಡಿ, 1000 ಡಿಗ್ರಿಗೂ ಮಿಗಿಲಾಗಿ ಕಾದ ಸರಳುಗಳ ಮೇಲೆ ಮತ್ತೆ ಘನರೂಪದಲ್ಲಿ ಕೂರಿಸಬೇಕು; ಆ ಶುದ್ಧ ಸಿಲಿಕಾನನ್ನು 1414 ಡಿಗ್ರಿಯಲ್ಲಿ ಕರಗಿಸಿ, ದ್ರವದೊಳಗಿಂದ ಏಕಸ್ಫಟಿಕದ ಕಂಬವನ್ನು ಗಂಟೆಗಟ್ಟಲೆ ನಿಧಾನವಾಗಿ ಮೇಲೆತ್ತಬೇಕು; ಆ ಕಂಬವನ್ನು ತಂತಿಗರಗಸದಿಂದ ಬಿಲ್ಲೆಗಳಾಗಿ ಸೀಳುವಾಗ ಕಣ್ಣಿಗೆ ಕಾಣುವಷ್ಟು ಭಾಗ ಹುಡಿಯಾಗಿ ಹೋಗುವುದನ್ನು ಸಹಿಸಬೇಕು; ಉಳಿದ ಬಿಲ್ಲೆಯೂ ಕೋಶವೆನಿಸಿಕೊಳ್ಳುವ ಮುನ್ನ 800ರಿಂದ 900 ಡಿಗ್ರಿಯ ಕುಲುಮೆಯನ್ನು ಮತ್ತೊಮ್ಮೆ ಹೊಗಬೇಕು.

ಇಷ್ಟೆಲ್ಲ ಉರಿಯಿಲ್ಲದೆ, ಬೋಂಡ ಕರಿಯುವ ಬಾಣಲೆಯ ಎಣ್ಣೆಗಿಂತ ಬಹಳ ಹೆಚ್ಚು ಬಿಸಿಯಲ್ಲದ ಒಂದು ಗಾಜಿನ ಹಾಳೆಯ ಮೇಲೆ, ಅಂದರೆ ಸುಮಾರು 200 ಡಿಗ್ರಿಯಲ್ಲಿ, ಸಿಲಿಕಾನನ್ನು ಅನಿಲದಿಂದ ನೇರವಾಗಿ ತೆಳ್ಳಗೆ ಲೇಪಿಸಿ ಸೌರಕೋಶವನ್ನು ಪಡೆಯಲು ಸಾಧ್ಯವೆ ಎಂಬ ಪ್ರಶ್ನೆ ಅರ್ಧ ಶತಮಾನದಿಂದ ವಿಜ್ಞಾನಿಗಳನ್ನು ಕಾಡಿದೆ. ಸಾಧ್ಯವೆಂಬ ಉತ್ತರ ಬೇಗನೆ ದೊರಕಿತು. ಲಾಭಕರವೆ ಎಂಬುದಕ್ಕೆ ಉತ್ತರ ಸುಲಭವಾಗಿ ದೊರಕಲಿಲ್ಲ. ಈ ಎರಡು ಉತ್ತರಗಳ ನಡುವಣ ಕಥೆಯಲ್ಲಿ ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶಗಳಿಗೂ ಒಂದು ಪಾತ್ರವುಂಟು.

ಈ ಪ್ರದೇಶಗಳಿಗೂ ಸೌರವಿದ್ಯುತ್ತಿಗೂ ಇರುವ ನಂಟು ಹೊಸದಲ್ಲ. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಗಗನಕ್ಕೇರಿದ ಆರ್ಯಭಟ ಉಪಗ್ರಹವನ್ನು ಕಟ್ಟಿದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಅದರ ಮೈತುಂಬ ಹೊದಿಸಿದ್ದ ಸೌರಫಲಕಗಳು ಮಾತ್ರ ಆಗ ಸೋವಿಯತ್ ದೇಶದಿಂದಲೇ ಬರಬೇಕಾಯಿತು. ಅದೇ ದಶಕದ ಉತ್ತರಾರ್ಧದಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರ ದೂರದೃಷ್ಟಿಯಿಂದ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ರೂಪುಗೊಂಡಿತು. ಅಲ್ಲಿ ಟಾಟಾ ಮತ್ತು ಬ್ರಿಟನ್ನಿನ ಬಿಪಿ ಸಂಸ್ಥೆಗಳು ಕೂಡಿ 1989ರಲ್ಲಿ ಸ್ಥಾಪಿಸಿದ ಟಾಟಾ ಬಿಪಿ ಸೋಲಾರ್ ನೆಲೆಯೂರಿತು. ಬಿಪಿ ತನ್ನ ಪಾಲನ್ನು ಬಿಟ್ಟುಕೊಟ್ಟ ಮೇಲೆ 2012ರಿಂದ ಟಾಟಾ ಪವರ್ ಸೋಲಾರ್ ಎಂಬ ಹೆಸರನ್ನು ತಳೆದ ಆ ಕಾರ್ಖಾನೆ, ಸ್ಫಟಿಕ ಸಿಲಿಕಾನಿನ ಬಿಲ್ಲೆಗಳಿಂದ ಕೋಶಗಳನ್ನೂ ಫಲಕಗಳನ್ನೂ ತಯಾರಿಸುತ್ತ ಬಂದಿತು. ಆ ಮಾರ್ಗ ಕುಲುಮೆಯ ಮಾರ್ಗ. ಅದಕ್ಕೆ ಪ್ರತಿಯಾದ ಕಡಮೆ ಕಾವಿನ ಮಾರ್ಗಕ್ಕೆ ಬೇಕಾದ ವಿದ್ಯೆ ಊರಿನ ಇನ್ನೊಂದು ತುದಿಯಲ್ಲಿ, ಪೀಣ್ಯದಲ್ಲಿ, ಬೇರೊಂದು ಉದ್ದೇಶಕ್ಕಾಗಿ ಬೆಳೆಯುತ್ತಿತ್ತು. 1965ರಲ್ಲಿ ಆರಂಭವಾದ ಹಿಂದ್ ಹೈ ವ್ಯಾಕ್ಯೂಮ್ ಎಂಬ ಸಂಸ್ಥೆ ಗಾಳಿಯನ್ನು ಬಹುಮಟ್ಟಿಗೆ ಬರಿದುಮಾಡುವ ಯಂತ್ರಗಳನ್ನೂ, ಆ ನಿರ್ವಾತದಲ್ಲಿ ಲೋಹಾದಿಗಳನ್ನು ತೆಳುವಾಗಿ ಲೇಪಿಸುವ ಸಾಧನಗಳನ್ನೂ ನಿರ್ಮಿಸುವುದರಲ್ಲಿ ಪಳಗಿತು. ನೈನಿತಾಲದ ಬಳಿ ದೇವಸ್ಥಳದಲ್ಲಿರುವ 3.6 ಮೀಟರು ವ್ಯಾಸದ ದೂರದರ್ಶಕದ ಕನ್ನಡಿಗೆ ಅಲ್ಯೂಮಿನಿಯಮ್ ಲೇಪವನ್ನು ಕೊಡುವ ಯಂತ್ರ ಈ ಬೆಂಗಳೂರಿನ ಸಂಸ್ಥೆಯೇ ಕಟ್ಟಿಕೊಟ್ಟದ್ದು. ಕನ್ನಡಿಗೆ ಲೋಹವನ್ನು ಹೊದಿಸುವ ವಿದ್ಯೆಗೂ ಗಾಜಿಗೆ ಸಿಲಿಕಾನನ್ನು ಹೊದಿಸುವ ವಿದ್ಯೆಗೂ ಗೋತ್ರ ಒಂದೇ.

ಸಿಲಿಕಾನನ್ನು ಹೀಗೆ ಹೊದಿಸುವುದರಲ್ಲಿರುವ ಮುಖ್ಯ ತೊಡಕನ್ನು ಮೊದಲು ತಿಳಿಯಬೇಕು. ಸ್ಫಟಿಕದಲ್ಲಿ ಪ್ರತಿಯೊಂದು ಸಿಲಿಕಾನ್ ಪರಮಾಣುವೂ ತನ್ನ ನಾಲ್ಕು ನೆರೆಯ ಪರಮಾಣುಗಳೊಡನೆ ಬಂಧಿಸಿಕೊಂಡು, ಆ ವ್ಯವಸ್ಥೆ ಎತ್ತ ನೋಡಿದರೂ ಒಂದೇ ಕ್ರಮದಲ್ಲಿ ಮುಂದುವರಿಯುತ್ತದೆ. ಅಂಥ ಕ್ರಮ ಏರ್ಪಡಲು ಪರಮಾಣುಗಳಿಗೆ ಸರಿಯಾದ ಜಾಗವನ್ನು ಹುಡುಕಿಕೊಳ್ಳುವಷ್ಟು ಚಲನೆ ಬೇಕು. ಆ ಚಲನೆಯನ್ನು ಕೊಡುವುದು ಶಾಖ. ಕಾವು ಕಡಮೆಯಾದರೆ ಪರಮಾಣುಗಳು ಬಿದ್ದಲ್ಲಿಯೇ ನಿಂತು ಅಡ್ಡಾದಿಡ್ಡಿಯಾಗಿ ಜೋಡಣೆಗೊಳ್ಳುತ್ತವೆ. ಕೆಲವಕ್ಕೆ ನಾಲ್ಕನೆಯ ನೆರೆ ದೊರೆಯದೆ ಒಂದು ಬಂಧ ಒಂಟಿಯಾಗಿ ಉಳಿಯುತ್ತದೆ. ಇದೇ ಅಸ್ಫಟಿಕ ಸಿಲಿಕಾನ್. ಬೆಳಕು ಬಿದ್ದಾಗ ಬಿಡುಗಡೆಯಾದ ಎಲೆಕ್ಟ್ರಾನುಗಳು ಹೊರಗಿನ ತಂತಿಯನ್ನು ತಲುಪುವ ಮೊದಲೇ ಈ ಒಂಟಿ ಬಂಧಗಳಲ್ಲಿ ಸಿಕ್ಕಿ ಲಯವಾಗುತ್ತವೆಯಾದ್ದರಿಂದ, ಶುದ್ಧ ಅಸ್ಫಟಿಕ ಸಿಲಿಕಾನು ಸೌರಕೋಶಕ್ಕೆ ನಿರುಪಯೋಗಿಯೆಂದೇ ಬಹುಕಾಲ ಭಾವಿಸಲಾಗಿತ್ತು.

ಆ ಭಾವನೆಯನ್ನು ಅಳಿಸಿದ್ದು ಜಲಜನಕ. 1969ರಲ್ಲಿ ಇಂಗ್ಲೆಂಡಿನ ಚಿಟಿಕ್ ಮತ್ತು ಅವರ ಸಂಗಡಿಗರು, ಸಿಲಿಕಾನೂ ಜಲಜನಕವೂ ಕೂಡಿದ ಸೈಲೇನ್ ಎಂಬ ಅನಿಲದಲ್ಲಿ ವಿದ್ಯುತ್ತನ್ನು ಹಾಯಿಸಿ ತೆಳುಪದರಗಳನ್ನು ಪಡೆದರು. ಹೀಗೆ ದೊರೆತ ಪದರದಲ್ಲಿ ಜಲಜನಕದ ಪರಮಾಣುಗಳು ಒಂಟಿ ಬಂಧಗಳನ್ನು ತುಂಬಿ, ಅವುಗಳ ದೋಷವನ್ನು ಬಹುಮಟ್ಟಿಗೆ ಕಳೆಯುತ್ತವೆಂಬುದು ಮುಂದೆ ಸ್ಪಷ್ಟವಾಯಿತು. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸ್ಪಿಯರ್ ಮತ್ತು ಲೆಕೋಂಬರ್ 1975ರಲ್ಲಿ, ಅತ್ಯಲ್ಪ ಪ್ರಮಾಣದ ರಂಜಕವನ್ನೋ ಬೋರಾನನ್ನೋ ಬೆರೆಸಿ ಈ ಪದಾರ್ಥದ ವಿದ್ಯುದ್ಗುಣವನ್ನು ಬೇಕಾದಂತೆ ತಿರುಗಿಸಬಹುದೆಂದು ತೋರಿಸಿಕೊಟ್ಟರು. ಮರುವರ್ಷವೇ ಅಮೆರಿಕದ ಆರ್‌ಸಿಎ ಪ್ರಯೋಗಶಾಲೆಯಲ್ಲಿ ಕಾರ್ಲ್‌ಸನ್ ಮತ್ತು ರೋನ್ಸ್ಕಿ ಇದರಿಂದ ಸೌರಕೋಶವನ್ನು ಮಾಡಿದರು. ಅದರ ದಕ್ಷತೆ ಶೇಕಡ 2.4 ಮಾತ್ರ, ಅಂದರೆ ಮೇಲೆ ಬಿದ್ದ ಬೆಳಕಿನ ನೂರು ಪಾಲಿನಲ್ಲಿ ಎರಡೂವರೆಗೂ ತುಸು ಕಡಮೆ ಪಾಲು ವಿದ್ಯುತ್ತಾಯಿತು. ಜಪಾನಿನ ಸ್ಯಾನ್ಯೊ ಸಂಸ್ಥೆ 1980ರಲ್ಲಿ ಇದನ್ನು ಕ್ಯಾಲ್ಕ್ಯುಲೇಟರಿಗೆ ಅಳವಡಿಸಿತು. ಅಂಗಡಿಯ ಲೆಕ್ಕದ ಮೇಜಿನ ಮೇಲೆ, ಕೊಳವೆದೀಪದ ಬೆಳಕಿನಲ್ಲಿ, ಬ್ಯಾಟರಿಯ ಹಂಗಿಲ್ಲದೆ ಅಂಕಿಗಳನ್ನು ಮೂಡಿಸುತ್ತಿದ್ದ ಆ ಕಂದುಬಣ್ಣದ ಪಟ್ಟಿಯನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ.

ಈ ಪದಾರ್ಥಕ್ಕೆ ಒಂದು ಮಹಾಗುಣವುಂಟು. ಅದರ ಅಕ್ರಮವೇ ಅದಕ್ಕೆ ಅನುಕೂಲವಾಗಿ, ಕಣ್ಣಿಗೆ ಕಾಣುವ ಬೆಳಕನ್ನು ಅದು ಸ್ಫಟಿಕ ಸಿಲಿಕಾನಿಗಿಂತ ಬಹಳ ಬಲವಾಗಿ ಹೀರುತ್ತದೆ. ಸ್ಫಟಿಕದ ಬಿಲ್ಲೆ ಇಂದು ಸುಮಾರು 150 ಮೈಕ್ರಾನ್ ದಪ್ಪವಿದ್ದರೆ, ಅಸ್ಫಟಿಕ ಸಿಲಿಕಾನು ಒಂದು ಮೈಕ್ರಾನಿನ ಮೂರನೆಯ ಒಂದು ಭಾಗದಷ್ಟಿದ್ದರೆ ಸಾಕು. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಹೀಗೆ ಪದಾರ್ಥವೂ ಅತ್ಯಲ್ಪ, ಶಾಖವೂ ಅಲ್ಪ, ಆಧಾರವಾಗಿ ಕಿಟಕಿಗೆ ಹಾಕುವಂಥ ಗಾಜೂ ಸಾಲುವುದೆಂದ ಮೇಲೆ, ವಿಜ್ಞಾನಿಗಳೂ ವಣಿಕರೂ ಒಟ್ಟಿಗೆ ಆಸೆಗೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಕಡಮೆ ಕಾವಿನಲ್ಲಿ ಇದು ಹೇಗೆ ನಡೆಯುತ್ತದೆಂಬುದು ಸ್ವಾರಸ್ಯದ ಸಂಗತಿ. ಸೈಲೇನ್ ಅನಿಲವನ್ನು ಬರಿಯ ಬಿಸಿಯಿಂದ ಒಡೆಯಬೇಕಾದರೆ 450 ಡಿಗ್ರಿಗೂ ಹೆಚ್ಚಿನ ಶಾಖ ಬೇಕು. ಅದರ ಬದಲು, ವಾಯುಮಂಡಲದ ಒತ್ತಡದ ಸಾವಿರದ ಒಂದು ಪಾಲಿನಷ್ಟೇ ಒತ್ತಡದಲ್ಲಿ ಅನಿಲವನ್ನು ಎರಡು ಲೋಹಫಲಕಗಳ ನಡುವೆ ತುಂಬಿ, ಸೆಕೆಂಡಿಗೆ 1 ಕೋಟಿ 35 ಲಕ್ಷಕ್ಕೂ ಹೆಚ್ಚು ಸಲ ಕಂಪಿಸುವ ವಿದ್ಯುತ್ತನ್ನು ಹಾಯಿಸಿದರೆ, ಹಗುರವಾದ ಎಲೆಕ್ಟ್ರಾನುಗಳು ಮಾತ್ರ ಆ ವೇಗಕ್ಕೆ ಒಗ್ಗಿ, ಹತ್ತು ಸಾವಿರ ಡಿಗ್ರಿಗೂ ಮಿಗಿಲಾದ ಉಷ್ಣತೆಗೆ ಸಲ್ಲುವಷ್ಟು ಚುರುಕನ್ನು ಪಡೆಯುತ್ತವೆ. ಭಾರವಾದ ಅಣುಗಳು ಹೆಚ್ಚು ಬಿಸಿಯಾಗದೆ ಉಳಿಯುತ್ತವೆ. ಸೈಲೇನನ್ನು ಒಡೆಯುವ ಕೆಲಸವನ್ನು ಈ ಎಲೆಕ್ಟ್ರಾನುಗಳು ಮಾಡುತ್ತವೆ, ಗಾಜು ಕರಗುವ ಗೊಡವೆಯಿಲ್ಲ. ಒಂದೇ ಪಾತ್ರೆಯಲ್ಲಿ ಅತ್ಯುಷ್ಣವೂ ಮಂದೋಷ್ಣವೂ ಒಂದನ್ನೊಂದು ಕೆಡಿಸದೆ ನೆಲೆಸಿರುವ ಈ ಸ್ಥಿತಿಗೆ ಶೀತಲ ಪ್ಲಾಸ್ಮಾ ಎಂದು ಹೆಸರು.

ಇಂಥ ಯಂತ್ರದ ಕೆಲಸವನ್ನು ಹತ್ತಿರದಿಂದ ನೋಡುವವರಿಗೆ ಮೊದಲು ಕಾಣುವುದು ಶುಚಿತ್ವದ ನಿಷ್ಠೆ. ಪಾರದರ್ಶಕವಾಗಿದ್ದೂ ವಿದ್ಯುತ್ತನ್ನು ಹರಿಯಗೊಡುವ ಟಿನ್ ಆಕ್ಸೈಡಿನ ಲೇಪವಿರುವ ಗಾಜನ್ನು ಕುಂಚಗಳ ಕೆಳಗೆ ತೊಳೆದು, ಗಾಳಿಯಲ್ಲಿ ಆರಿಸಿ, ಮುಂಗೋಣೆಯೊಂದರಲ್ಲಿಟ್ಟು ಬಾಗಿಲನ್ನು ಬಿಗಿಯುತ್ತಾರೆ. ಪಂಪು ಗಾಳಿಯನ್ನು ಸೆಳೆದು ಒತ್ತಡದ ಮುಳ್ಳು ಇಳಿದ ಮೇಲೆ ಒಳಬಾಗಿಲು ತೆರೆದು ಗಾಜು ಲೇಪನದ ಕೋಣೆಗೆ ಜಾರುತ್ತದೆ. ಅನಿಲದ ಕವಾಟ ತೆರೆದು ವಿದ್ಯುತ್ತನ್ನು ಹಾಯಿಸಿದ ಕೂಡಲೆ, ದಪ್ಪಗಾಜಿನ ಇಣುಕುಗಿಂಡಿಯಲ್ಲಿ ನೇರಿಳೆಗೆಂಪಿನ ಮಂದ ಪ್ರಭೆಯೊಂದು ಮೂಡುತ್ತದೆ. ಪದರ ಬೆಳೆಯುವುದು ಬಹಳ ನಿಧಾನ: ಸೆಕೆಂಡಿಗೆ ಒಂದೋ ಎರಡೋ ಪರಮಾಣುಗಳ ದಪ್ಪಕ್ಕಿಂತಲೂ ಹೆಚ್ಚಿಲ್ಲ, ಆದ್ದರಿಂದ ಮೂರನೆಯ ಒಂದು ಮೈಕ್ರಾನ್ ಬೆಳೆಯಲು ಅರ್ಧ ಗಂಟೆಯ ಹತ್ತಿರ ಹಿಡಿಯುತ್ತದೆ. ಹೊರಬಂದ ಗಾಜನ್ನು ಬೆಳಕಿಗೆ ಹಿಡಿದರೆ ಅದರ ಮೂಲಕ ಲೋಕವೆಲ್ಲ ಕೆಂಗಂದಾಗಿ ತೋರುತ್ತದೆ. ಬಳಿಕ ಲೇಸರಿನಿಂದ ನಸುಗೆರೆಗಳನ್ನು ಕೊರೆದು ಒಂದೇ ಹಾಳೆಯನ್ನು ಅನೇಕ ನೀಳಕೋಶಗಳಾಗಿ ವಿಂಗಡಿಸಿ, ಅವು ಒಂದಕ್ಕೊಂದು ತಾವಾಗಿಯೇ ಜೋಡಣೆಗೊಳ್ಳುವಂತೆ ಮಾಡುತ್ತಾರೆ. ಬಿಡಿಕೋಶಗಳನ್ನು ತಂತಿಯಿಂದ ಬೆಸೆಯುವ ಶ್ರಮ ಇಲ್ಲಿಲ್ಲ.

200 ಡಿಗ್ರಿಯೇ ಏಕೆಂದು ಕೇಳಬಹುದು. ಕಾವು ತೀರ ಕಡಮೆಯಾದರೆ ಜಲಜನಕ ಅತಿಯಾಗಿ ಸೇರಿ, ಪದರವು ಪೊಳ್ಳುಪೊಳ್ಳಾಗಿ ಬೆಳೆಯುತ್ತದೆ. 300 ಡಿಗ್ರಿಯನ್ನು ಮೀರಿದರೆ ದೋಷಗಳನ್ನು ಮುಚ್ಚಬೇಕಾದ ಜಲಜನಕವೇ ಪಾರಾಗತೊಡಗುತ್ತದೆ. ಕಡಮೆ ಕಾವು ಇಲ್ಲಿ ಬಡತನದ ಉಪಾಯವಲ್ಲ, ಪದಾರ್ಥದ ಸ್ವಭಾವವೇ ವಿಧಿಸಿದ ನಿಯಮ. ಆದರೆ ಕಡಮೆ ಕಾವೆಂದ ಮಾತ್ರಕ್ಕೆ ಈ ಮಾರ್ಗ ನಿರಪಾಯವೆಂದಾಗಲಿ, ವೆಚ್ಚವಿಲ್ಲದ್ದೆಂದಾಗಲಿ ತಿಳಿಯಬಾರದು. ಸೈಲೇನ್ ಗಾಳಿಯನ್ನು ಸೋಕಿದರೆ ತಾನಾಗಿ ಹೊತ್ತಿಕೊಳ್ಳುವ ಅನಿಲ; ರಂಜಕವನ್ನೂ ಬೋರಾನನ್ನೂ ತರುವ ಅನಿಲಗಳು ಕಡುವಿಷ; ಕೋಣೆಯ ಗೋಡೆಗೆ ಹತ್ತಿದ ಸಿಲಿಕಾನನ್ನು ತೊಳೆಯಲು ಬಳಸುವ ನೈಟ್ರೊಜನ್ ಟ್ರೈಫ್ಲೋರೈಡ್ ಸೋರಿಹೋದರೆ, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡಿನ 16 ಸಾವಿರ ಪಟ್ಟಿಗೂ ಮಿಗಿಲಾಗಿ ಭೂಮಿಯನ್ನು ಬಿಸಿಮಾಡಬಲ್ಲದು. ಕುಲುಮೆಯಲ್ಲಿ ಉಳಿಸಿದ ವಿದ್ಯುತ್ತಿನಲ್ಲಿ ಸ್ವಲ್ಪವನ್ನು ಹಗಲಿರುಳೂ ತಿರುಗುವ ಪಂಪುಗಳು ತಿಂದುಬಿಡುತ್ತವೆ.

ಇವೆಲ್ಲಕ್ಕಿಂತ ದೊಡ್ಡ ವಿಘ್ನವೆಂದರೆ ದಕ್ಷತೆಯದು. 1977ರಲ್ಲಿಯೇ ಸ್ಟೇಬ್ಲರ್ ಮತ್ತು ರೋನ್ಸ್ಕಿ ಒಂದು ವಿಲಕ್ಷಣ ಸಂಗತಿಯನ್ನು ಕಂಡರು: ಈ ಪದಾರ್ಥ ಬಿಸಿಲಿಗೆ ಒಡ್ಡಿದಷ್ಟೂ ಮೊದಮೊದಲು ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ, 150 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿದರೆ ಮರಳಿ ಪಡೆಯುತ್ತದೆ. ಬಿಸಿಲಿನಲ್ಲಿ ದುಡಿಯಲೆಂದೇ ಹುಟ್ಟಿದ ವಸ್ತುವಿಗೆ ಬಿಸಿಲೇ ಬಾಧಕವಾದದ್ದು ವಿಧಿವಿಲಾಸ. ಪದರ ತೆಳುವಾದಷ್ಟೂ ಈ ಬಾಧೆ ಕಡಮೆಯೆಂದು ತಿಳಿದು, ಒಂದರ ಮೇಲೊಂದರಂತೆ ಎರಡು ಮೂರು ತೆಳುಕೋಶಗಳನ್ನು ಪೇರಿಸುವ ಉಪಾಯವನ್ನು ಹೂಡಿದರು. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನ ವಿಜ್ಞಾನಿಗಳು 1990ರ ದಶಕದಲ್ಲಿ, ಸೈಲೇನಿಗೆ ಹೇರಳವಾಗಿ ಜಲಜನಕವನ್ನು ಬೆರೆಸಿ, ವಿದ್ಯುತ್ತಿನ ಕಂಪನವನ್ನು ಇನ್ನೂ ತೀವ್ರಗೊಳಿಸಿ, ಅದೇ ಕಡಮೆ ಕಾವಿನಲ್ಲಿ ಸೂಕ್ಷ್ಮಸ್ಫಟಿಕಗಳಿಂದ ಕೂಡಿದ ಸಿಲಿಕಾನನ್ನು ಬೆಳೆಸಿದರು. ಮೇಲಿನ ಅಸ್ಫಟಿಕ ಪದರ ನೀಲಿ ಹಸುರು ಕಿರಣಗಳನ್ನೂ, ಕೆಳಗಿನ ಸೂಕ್ಷ್ಮಸ್ಫಟಿಕ ಪದರ ಕೆಂಪನ್ನೂ ಅದರಾಚೆಯ ಕಾಣದ ಕಿರಣಗಳನ್ನೂ ಹಂಚಿಕೊಳ್ಳುವಂತಾಯಿತು. ಆದರೂ ಮೂರು ಪದರಗಳ ಕೋಶದಲ್ಲಿ ಜಪಾನಿನ ಪ್ರಯೋಗಶಾಲೆ ತಲುಪಿದ ಸ್ಥಿರ ದಕ್ಷತೆ ಶೇಕಡ 14ರ ಹತ್ತಿರ. ಕಾರ್ಖಾನೆಯ ಫಲಕಗಳು 6ರಿಂದ 10ರ ನಡುವೆಯೇ ಉಳಿದವು. ದಕ್ಷತೆ ಅರ್ಧವಾದರೆ ಅಷ್ಟೇ ವಿದ್ಯುತ್ತಿಗೆ ನೆಲ, ಚೌಕಟ್ಟು, ತಂತಿ, ಕೂಲಿ ಎಲ್ಲವೂ ಇಮ್ಮಡಿಯಾಗುವುದರಿಂದ, ಫಲಕ ಅಗ್ಗವಾದರೂ ವಿದ್ಯುತ್ತು ಅಗ್ಗವಾಗದು.

ಆದರೂ 2008ರ ವೇಳೆಗೆ ತೆಳುಪದರಕ್ಕೆ ಶುಭಕಾಲ ಬಂದಂತೆ ತೋರಿತು. ಶುದ್ಧ ಸಿಲಿಕಾನಿನ ಅಭಾವದಿಂದ ಪೇಟೆಯಲ್ಲಿ ಅದರ ಧಾರಣೆ ಕಿಲೋಗ್ರಾಮಿಗೆ 400 ಡಾಲರುಗಳನ್ನು ಮುಟ್ಟಿತ್ತು. ಸಿಲಿಕಾನನ್ನು ಮಿತವಾಗಿ ಬಳಸುವವನೇ ಜಾಣನೆನಿಸಿದ್ದ ಕಾಲವದು. ಅಪ್ಲೈಡ್ ಮೆಟೀರಿಯಲ್ಸ್ ಎಂಬ ಅಮೆರಿಕದ ಯಂತ್ರನಿರ್ಮಾಣ ಸಂಸ್ಥೆ, ಭಾರತದ ತನ್ನ ಮುಖ್ಯ ನೆಲೆಯನ್ನು ವೈಟ್‌ಫೀಲ್ಡಿನ ಟೆಕ್ ಪಾರ್ಕಿನಲ್ಲಿ ಹೊಂದಿರುವ ಸಂಸ್ಥೆ, 5.7 ಚದರ ಮೀಟರಿನ ಗಾಜಿನ ಮೇಲೆ ಸಿಲಿಕಾನನ್ನು ಲೇಪಿಸುವ ಸನ್‌ಫ್ಯಾಬ್ ಎಂಬ ಯಂತ್ರಶ್ರೇಣಿಯನ್ನು ಜಗತ್ತಿಗೆ ಮಾರಿತು. ನಮ್ಮ ದೇಶದಲ್ಲಿ ಅದನ್ನು ಕೊಂಡು ಗ್ರೇಟರ್ ನೋಯ್ಡಾದಲ್ಲಿ ಸ್ಥಾಪಿಸಿದ್ದು ಮೋಸರ್ ಬೇಯರ್. ಹೊರಗಿನಿಂದ ಕೊಳ್ಳುವ ಬದಲು ಯಂತ್ರವನ್ನೇ ಇಲ್ಲಿ ಕಟ್ಟುವ ಹೆಚ್ಚು ಕಷ್ಟದ ದಾರಿಯನ್ನು ಹಿಡಿದದ್ದು ಹಿಂದ್ ಹೈ ವ್ಯಾಕ್ಯೂಮ್: ಕೇಂದ್ರದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಇಲಾಖೆಯ ನೆರವಿನೊಡನೆ ಅದು ಅಸ್ಫಟಿಕ ಸಿಲಿಕಾನಿನ ತೆಳುಪದರ ಫಲಕಗಳನ್ನು ತಯಾರಿಸುವ ದೇಶೀಯ ಯಂತ್ರಶ್ರೇಣಿಯೊಂದನ್ನು ರೂಪಿಸಿತು.

ಶುಭಕಾಲ ಬಹಳ ದಿನ ನಿಲ್ಲಲಿಲ್ಲ. ಅಭಾವವನ್ನು ಕಂಡು ಚೀನ ಮೊದಲಾದ ದೇಶಗಳಲ್ಲಿ ಸಿಲಿಕಾನ್ ಶುದ್ಧೀಕರಣದ ಕಾರ್ಖಾನೆಗಳು ಒಂದರ ಬೆನ್ನಿಗೊಂದು ಎದ್ದವು. 2012ರ ಹೊತ್ತಿಗೆ ಧಾರಣೆ ಕಿಲೋಗ್ರಾಮಿಗೆ 20 ಡಾಲರಿನ ಆಸುಪಾಸಿಗೆ ಕುಸಿಯಿತು. ಸಿಲಿಕಾನನ್ನು ಉಳಿಸುವ ಜಾಣತನಕ್ಕೆ ಆಗ ಬೆಲೆಯೇ ಇಲ್ಲದಾಯಿತು. ಸನ್‌ಫ್ಯಾಬ್ ಮಾರಾಟವನ್ನು ಅದರ ಜನಕರೇ 2010ರಲ್ಲಿ ನಿಲ್ಲಿಸಿದರು. ಜಗತ್ತಿನ ಎಲ್ಲೆಡೆಯೂ ಅಸ್ಫಟಿಕ ಸಿಲಿಕಾನಿನ ಫಲಕ ಹಿಂದೆ ಸರಿಯಿತು. ಗೆದ್ದದ್ದು ಕುಲುಮೆಯ ಮಾರ್ಗ.

ಇಲ್ಲಿಗೇ ನಿಲ್ಲಿಸಿದರೆ ಇದು ಸೋಲಿನ ಕಥೆಯಾದೀತು. ಆದರೆ ಗೆದ್ದವನ ಮನೆಯೊಳಗೆ ಸೋತವನ ವಿದ್ಯೆ ಹೇಗೆ ಸೇರಿಕೊಂಡಿತೆಂಬುದನ್ನೂ ನೋಡಬೇಕು. ಸ್ಫಟಿಕ ಕೋಶದ ಪ್ರಸಿದ್ಧವಾದ ನೀಲಿಬಣ್ಣ ಸಿಲಿಕಾನಿನದಲ್ಲ. ಪ್ರತಿಫಲನವನ್ನು ತಡೆಯಲೆಂದು ಅದರ ಮೇಲೆ ಕೂರಿಸಿದ, ಮೈಕ್ರಾನಿನ ಹದಿಮೂರನೆಯ ಒಂದು ಭಾಗದಷ್ಟು ತೆಳುವಾದ ಸಿಲಿಕಾನ್ ನೈಟ್ರೈಡ್ ಪದರದ್ದು. ಅದನ್ನು ಕೂರಿಸುವುದು ಸೈಲೇನ್ ಪ್ಲಾಸ್ಮಾ. ಆ ಪದರದೊಳಗಿನ ಜಲಜನಕವೇ ಬಿಲ್ಲೆಯ ಮೇಲ್ಮೈಯ ಒಂಟಿ ಬಂಧಗಳನ್ನು ಮುಚ್ಚುತ್ತದೆ. ಇದಕ್ಕೂ ಮುಂದೆ ಹೋಗಿ, ಸ್ಯಾನ್ಯೊ ಸಂಸ್ಥೆ 1990ರ ದಶಕದ ಆರಂಭದಲ್ಲಿ ಎರಡು ಮಾರ್ಗಗಳನ್ನೂ ಬೆಸೆಯಿತು: ಒಳ್ಳೆಯ ಸ್ಫಟಿಕದ ಬಿಲ್ಲೆಯ ಎರಡು ಮೈಗಳಿಗೂ, ಮೈಕ್ರಾನಿನ ನೂರರಲ್ಲೊಂದು ಭಾಗದಷ್ಟು ಅಸ್ಫಟಿಕ ಸಿಲಿಕಾನನ್ನು 200 ಡಿಗ್ರಿಯ ಹತ್ತಿರ ಹೊದಿಸಿದರೆ, 900 ಡಿಗ್ರಿಯ ಕುಲುಮೆಯ ಅಗತ್ಯವೇ ಇಲ್ಲವಾಗಿ ದಕ್ಷತೆಯೂ ಏರುವುದು. ಹೆಟರೊಜಂಕ್ಷನ್ ಎಂದು ಹೆಸರಾದ ಈ ಬಗೆಯ ಕೋಶದಲ್ಲಿ ಜಪಾನಿನ ಕನೆಕಾ 2017ರಲ್ಲಿ ಶೇಕಡ 26.7ನ್ನೂ, ಚೀನದ ಲಾಂಗಿ 2022ರಲ್ಲಿ ಶೇಕಡ 26.81ನ್ನೂ ಸಾಧಿಸಿದವು. ನಮ್ಮ ದೇಶದಲ್ಲಿಯೂ ಈ ವಿದ್ಯೆಯನ್ನು ಪಡೆಯುವ ಸಲುವಾಗಿ ರಿಲಯನ್ಸ್ 2021ರಲ್ಲಿ ಆರ್‌ಇಸಿ ಸೋಲಾರ್ ಸಂಸ್ಥೆಯನ್ನು ಕೊಂಡಿತು.

ಉಷ್ಣದೇಶದ ನಮಗೆ ಇದರಲ್ಲಿ ಇನ್ನೊಂದು ಲಾಭವುಂಟು. ಪಾವಗಡದ ಸುಮಾರು 13,000 ಎಕರೆ ಬಯಲಿನಲ್ಲಿ ಹರಡಿರುವ 2,050 ಮೆಗಾವ್ಯಾಟಿನ ಸೌರಕ್ಷೇತ್ರದಂಥ ಕಡೆಗಳಲ್ಲಿ ಬೇಸಗೆಯ ಮಧ್ಯಾಹ್ನ ಫಲಕದ ಮೈ 65 ಡಿಗ್ರಿಯವರೆಗೆ ಕಾಯಬಹುದು. ಫಲಕದ ಶಕ್ತಿಯನ್ನು ಅಳೆಯುವುದು 25 ಡಿಗ್ರಿಯಲ್ಲಿ. ಅಲ್ಲಿಂದ ಮುಂದಿನ ಪ್ರತಿ ಡಿಗ್ರಿಗೂ ವಾಡಿಕೆಯ ಸ್ಫಟಿಕ ಕೋಶ ಶೇಕಡ 0.4ರಷ್ಟು ಸೋತರೆ, ಹೆಟರೊಜಂಕ್ಷನ್ ಕೋಶ ಶೇಕಡ 0.26ರಷ್ಟು ಮಾತ್ರ ಸೋಲುತ್ತದೆ. ನಲವತ್ತು ಡಿಗ್ರಿಗೆ ಲೆಕ್ಕಹಾಕಿದರೆ, ಮೊದಲನೆಯದು ತನ್ನ ಶಕ್ತಿಯ ಶೇಕಡ 16ನ್ನೂ, ಎರಡನೆಯದು ಶೇಕಡ 10ಕ್ಕಿಂತ ತುಸುವೇ ಹೆಚ್ಚನ್ನೂ ಕಳೆದುಕೊಳ್ಳುತ್ತದೆ.

ಇದರಿಂದ ಬೆಂಗಳೂರು ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ. ಪೇಟೆಯಲ್ಲಿ ಬಿದ್ದುಹೋದದ್ದು ಒಂದು ಸರಕು. ನಿರ್ವಾತವನ್ನು ಕಾಯ್ದುಕೊಳ್ಳುವ, ಪ್ಲಾಸ್ಮಾವನ್ನು ಹದದಲ್ಲಿಡುವ, ವಿಶಾಲವಾದ ಗಾಜಿನ ಉದ್ದಗಲಕ್ಕೂ ಪದರದ ದಪ್ಪ ಏಕರೂಪವಾಗಿರುವಂತೆ ನೋಡಿಕೊಳ್ಳುವ ಕೌಶಲ ಬಿದ್ದುಹೋಗಲಿಲ್ಲ. ಇಂದಿನ ಶ್ರೇಷ್ಠ ಕೋಶಕ್ಕೂ, ಸಿಲಿಕಾನಿನ ಮೇಲೆ ಪೆರೊವ್‌ಸ್ಕೈಟ್ ಎಂಬ ಪದಾರ್ಥವನ್ನು ಕಡಮೆ ಕಾವಿನಲ್ಲಿಯೇ ಹೊದಿಸುವ ನಾಳಿನ ಕೋಶಕ್ಕೂ ಬೇಕಾಗಿರುವುದು ಅದೇ. ಫಲಕಗಳನ್ನು ಜೋಡಿಸುವ ಕಾರ್ಖಾನೆಗಳು ನಮ್ಮಲ್ಲಿ ಹೆಚ್ಚುತ್ತಿವೆ. ಬಿಲ್ಲೆಗಳೂ, ಕೋಶವನ್ನು ಮಾಡುವ ಯಂತ್ರಗಳೂ ಮಾತ್ರ ಬಹುಪಾಲು ಇಂದಿಗೂ ಹೊರದೇಶಗಳಿಂದ ಬರುತ್ತಿವೆ. ಯಂತ್ರವನ್ನು ಕೊಂಡವನಿಗೆ ಆ ಯಂತ್ರ ಹಳತಾಗುವವರೆಗೆ ಮಾತ್ರ ವಿದ್ಯೆ. ಕಟ್ಟಬಲ್ಲವನಿಗೆ ಸರಕು ಬದಲಾದರೂ ವಿದ್ಯೆ ಉಳಿಯುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಕೋಶನಿರ್ಮಾಣದ ಅನುಭವ, ವೈಟ್‌ಫೀಲ್ಡಿನ ಯಂತ್ರವಿನ್ಯಾಸದ ತಜ್ಞತೆ, ಪೀಣ್ಯದ ಕೈಕಸುಬು ಇವು ಮೂರೂ ಒಂದೇ ನಗರದ ಅಂಚಿನಲ್ಲಿದ್ದೂ ಒಂದಾಗಿ ದುಡಿಯುವುದು ಅಪರೂಪ. ಸರಕಾರ ಸೌರಫಲಕದ ತಯಾರಿಕೆಗೆ ಕೊಡುವ ಪ್ರೋತ್ಸಾಹಧನದಲ್ಲಿ ಒಂದು ಪಾಲನ್ನಾದರೂ ಪ್ಲಾಸ್ಮಾ ಯಂತ್ರಗಳ ನಿರ್ಮಾಣಕ್ಕೆ ಮೀಸಲಿಟ್ಟು, ಮೊದಲ ಕೆಲವು ಯಂತ್ರಗಳಲ್ಲಿ ತಪ್ಪುವುದಕ್ಕೂ ತಿದ್ದಿಕೊಳ್ಳುವುದಕ್ಕೂ ಅವಕಾಶ ಕೊಟ್ಟರೆ, ಆ ಮೂರು ಕಡೆಯ ಜನರನ್ನು ಒಂದು ಕೆಲಸಕ್ಕೆ ಕೂಡಿಸುವುದು ಕಷ್ಟವಾಗದು.